ಕೆನ್ನೆಯೊಳಗಿನ ಪವನು

ಕಾರ್ಸ್‌ಲೋ, ಡರ್ಬಿಶೈರ್
೩ ಸೆಪ್ಟೆಂಬರ್ ೧೯೭೮

ಬೆರಿಲ್,

ಎರಡು ವರ್ಷ ಮಾತು ಬಿಟ್ಟವನು ಈಗೇಕೆ ಕಾಗದ ಹಾಕಿದ ಎಂದು ಲಕೋಟೆ ಹಿಡಿದು ಮೂಗು ಮುರಿಯುತ್ತಿರುತ್ತೀಯ. ಮುರಿ. ನಾನೇನೂ ಕ್ಷಮೆ ಕೇಳಲು ಬರೆಯುತ್ತಿಲ್ಲ. ನೀನು ಕೂಡಿಟ್ಟ ಹಣದಲ್ಲಿ ತಂದ ಕರೆಂಟಿನಿಂದ ಚಿನ್ನದ ಗಿಲೀಟು ಹಾಕುವ ಆ ತೊಟ್ಟಿಯನ್ನು ನಾನು ಗುಜರಿಯವನ ಗಾಡಿಗೆ ಎತ್ತಿಹಾಕಿದ್ದು ನಿಜ. ನೀನು ಅದೇ ಸಂಜೆ ಪೆಟ್ಟಿಗೆ ಕಟ್ಟಿಕೊಂಡು ಎಡಿನ್‌ಬರೊಗೆ ಹೋಗಿ ಬೆಳ್ಳಿ ಚಮಚಗಳ ಮೇಲೆ ಹೆಸರು ಕೆತ್ತಲು ಕುಳಿತದ್ದೂ ನಿಜ. ಅದು ಅಲ್ಲಿಗಿರಲಿ. ಇದು ನಿನ್ನ ತಮ್ಮನ ವಿಷಯ.

ರೋಲಂಡನ ಕೈ ನಡುಗುತ್ತಿದೆ.

ಮೊದಲು ನನ್ನ ಕಣ್ಣೇ ಮಂಜಾಗಿದೆ ಅಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ. ಅವನು ಚಿಮಟದಲ್ಲಿ ಜೇಬುಗಡಿಯಾರದ ಚಕ್ರದ ಅಚ್ಚೊಂದನ್ನು ಹಿಡಿದಿದ್ದ, ಅದರ ತುದಿ ಕೂದಲಿಗಿಂತ ಸಣ್ಣದು, ಅದು ಗಾಳಿಗೆ ಸಿಕ್ಕ ಹುಲ್ಲಿನಂತೆ ಆಡುತ್ತಿತ್ತು. ಅದೇ ವಾರ ಅಂಥವು ಎರಡು ಮುರಿದಿದ್ದ. ಶಾಲೆಗೆ ಹೋಗುವಾಗಲೇ ಆ ಕೆಲಸವನ್ನು ಆಟದಂತೆ ಮಾಡುತ್ತಿದ್ದ ಹುಡುಗ ಅವನು. ನನ್ನ ಕೈ ಒಳ್ಳೆಯದು, ನಿನ್ನದು ಇನ್ನೂ ಒಳ್ಳೆಯದು, ಅವನದು ಮಾತ್ರ ನಮ್ಮಿಬ್ಬರ ಹತ್ತಿರವೂ ಇಲ್ಲದ್ದು. ಇಡೀ ಇಂಗ್ಲೆಂಡಿನಲ್ಲಿ ಒಂದು ಗಡಿಯಾರವನ್ನು ಮೊದಲಿಂದ ಕೊನೆಯವರೆಗೆ ಕೈಯಲ್ಲೇ ಮಾಡುವವರನ್ನು ಒಂದು ಬೆಂಚಿನ ಮೇಲೆ ಕೂರಿಸಬಹುದು. ಆ ಬೆಂಚಿನ ಒಂದು ತುದಿಯಲ್ಲಿ ಅವನಿರುತ್ತಾನೆ ಎಂದು ನಾನು ನಂಬಿದ್ದೆ.

ಕುಡಿತವೋ, ಅಥವಾ ಬೇಕರಿಯ ಆ ಮೌರೀನ್ ತಲೆ ತಿನ್ನುತ್ತಿದ್ದಾಳೋ, ಗೊತ್ತಿಲ್ಲ. ಇಬ್ಬರಿಗೂ ಈ ಬೇಸಿಗೆಯಲ್ಲಿ ಮದುವೆ ನಿಶ್ಚಯವಾಯಿತು. ಕೆಲಸವೇನೂ ಹೆಚ್ಚಿಲ್ಲ. ಈಸ್ಟರಿನಿಂದ ಶನಿವಾರಗಳಂದು ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹಿತ್ತಾಳೆಗೆ ಚಿನ್ನ ಹತ್ತಿಸುವ ಬೆಂಕಿಯ ಮುಲಾಮು ಹಾಕುವುದನ್ನು ಕಲಿಸಿದ್ದೇನೆ, ಅಷ್ಟೇ.

ನನ್ನ ಹತ್ತಿರ ಬಾಯಿ ಬಿಡುವುದಿಲ್ಲ. ನಿನಗಾದರೆ ಹೇಳುತ್ತಾನೆ. ಅವನಿಗೆ ಒಂದು ಕಾಗದ ಬರಿ.

ಎ. ಗಾರ್ಸೈಡ್


ಎಡಿನ್‌ಬರೊ
೧೪ ಸೆಪ್ಟೆಂಬರ್ ೧೯೭೮

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ಮೂಗು ಮುರಿದದ್ದೂ ಆಯಿತು.

ರೋಲಿಗೆ ಬರೆದೆ. ಒಂದು ಕಾರ್ಡು ಬಂತು: ‘ಚೆನ್ನಾಗಿದ್ದೇನೆ, ಅಪ್ಪ ಸುಮ್ಮನೆ ಗಾಬರಿಯಾಗುತ್ತಾರೆ, ಮೌರೀನ್ ನಿನ್ನನ್ನು ಕೇಳಿದಳು.’ ಅವನು ಕುಡಿಯುವುದಿಲ್ಲ ಅಪ್ಪ. ಅಮ್ಮ ತೀರಿಕೊಂಡ ವರ್ಷ ಒಂದು ಗ್ಲಾಸ್ ಬಿಯರ್ ಕುಡಿದು ಚಾಪೆಲ್ಲಿನ ಗೋಡೆಗೆ ವಾಂತಿ ಮಾಡಿದ್ದ, ನೆನಪಿದೆಯೇ? ಅವತ್ತಿಗೇ ಮುಗಿಯಿತು ಅವನ ಕುಡಿತ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಿ ಅಥವಾ ಬಿಡಿ. ನೀವು ಅವನ ಬೆನ್ನ ಹಿಂದೆ ನಿಂತು ಕುತ್ತಿಗೆಯ ಮೇಲೆ ಉಸಿರು ಬಿಡುತ್ತೀರಿ. ನೀವು ಹಾಗೆ ನಿಂತಾಗ ನನ್ನ ಕೈಯೂ ನಡುಗುತ್ತಿತ್ತು. ಸ್ವಲ್ಪ ದಿನ ನಿಮ್ಮ ಮೇಜಿನಲ್ಲೇ ಕೂತು ನೋಡಿ. ತಾನಾಗಿ ಸರಿಹೋಗಬಹುದು.

ಬೆರಿಲ್


ಕಾರ್ಸ್‌ಲೋ
೨೯ ಅಕ್ಟೋಬರ್ ೧೯೭೮

ಬೆರಿಲ್,

ನನ್ನ ಮೇಜಿನಲ್ಲೇ ಕೂತೆ. ಸರಿಹೋಗಲಿಲ್ಲ.

ಮೊನ್ನೆ ಮುಗಿದ ಚಕ್ರವೊಂದನ್ನು ಕೈಯಿಂದ ಬೀಳಿಸಿದ. ಬಿದ್ದದ್ದು ಹೋಗಲಿ, ಎತ್ತಿಕೊಳ್ಳಲು ಬಗ್ಗಿದವನು ಅದರ ಮೇಲೇ ಕಾಲಿಟ್ಟ. "ಏನೋ ಇದು, ರೋಲಿ?" ಅಂದೆ, ಅಷ್ಟೇ, ಗಟ್ಟಿಯಾಗಿಯೂ ಅಲ್ಲ. "ನೋಡ್ತಾ ಕೂತ್ಕೋಬೇಡಿ ಅಂತ ಎಷ್ಟು ಸಲ ಹೇಳ್ಲಿ ನಿಮ್ಗೆ!" ಎಂದು ಕೂಗಿದ. ನಮ್ಮ ರೋಲಿ ಕೂಗಿದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ? ಆಮೇಲೆ ನೀರಿನ ತೊಟ್ಟಿಯ ಹಿಂದೆ ಹೋಗಿ ನಿಂತು ಅತ್ತ. ನಾನು ಕಾಣದವನಂತೆ ಒಳಗೆ ಚಹಾ ಕಾಯಿಸಿದೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಏನು ಕೆಲ್ಸ ಮಾಡ್ತೀಯಪ್ಪಾ?" ಅಂದರು. "ಗಡಿಯಾರ ಮಾಡ್ತೀನಿ." "ಓ, ಹಾಗಾದ್ರೆ ಸರಿಯಾಯ್ತಲ್ಲ. ಕಣ್ಣಿಗೂ ತ್ರಾಸ, ನರಕ್ಕೂ ತ್ರಾಸ." ಅದರ ಮುಂದೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನಿದ್ದೆ ಬರುವ ಮಾತ್ರೆ ಕೊಟ್ಟರು.

ಕೈ ನಡುಗುವ ಗಡಿಯಾರದವನನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಸುಣ್ಣದ ಕಲ್ಲಿನ ಗಣಿಯ ಕಚೇರಿಯಲ್ಲಿ ವಿಚಾರಿಸಿದ್ದೇನೆ. ಕಲ್ಲು ಪುಡಿಮಾಡುವ ಯಂತ್ರದ ಹತ್ತಿರ ಒಂದು ಜಾಗ ಇದೆಯಂತೆ. ಹೇಳಿದಾಗ ಅವನು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನೇ ನೋಡುತ್ತಿದ್ದ. ಆದರೆ ಬೇರೆ ದಾರಿ ಕಾಣುತ್ತಿಲ್ಲ.

ಇದರ ಜೊತೆಗೆ ಒಂದು ಹಿತ್ತಾಳೆ ಬಿಲ್ಲೆ ಕಳಿಸಿದ್ದೇನೆ. ಗಡಿಯಾರದೊಳಗೆ ಚಕ್ರಗಳನ್ನು ಹಿಡಿದಿಡುವ ಬಿಲ್ಲೆಯೇ, ಒಂದು ತೂತು ತಪ್ಪಿದ್ದರಿಂದ ಉಳಿದದ್ದು. ರೋಲಿ ಮುಲಾಮು ಹಾಕಿದ್ದು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂತೆ ಬಳಿದು, ಕೆಂಡದ ಮೇಲೆ ಹಿಡಿದರೆ ಪಾದರಸ ಹಾರಿಹೋಗಿ ಚಿನ್ನ ಮಾತ್ರ ನಿಲ್ಲುತ್ತದೆ. ಇದನ್ನು ಹಗಲು ಬೆಳಕಿನಲ್ಲಿ ಹಿಡಿದು ನೋಡು. ನಿನ್ನ ಕರೆಂಟಿನ ತೊಟ್ಟಿ ಹೀಗೆ ಹಾಕಿಕೊಡುತ್ತಿತ್ತೇ? ಹೊಗೆ ಒಳ್ಳೆಯದಲ್ಲ ಅಂತ ನನಗೂ ಗೊತ್ತು, ಅದಕ್ಕೇ ಹೊಗೆಗೂಡು ಇರುವ ಕೋಣೆಯಲ್ಲಿ ಮಾಡಿಸುತ್ತೇನೆ.

ನನಗೆ ಇದನ್ನು ಕಲಿಸಿದ ಸ್ಪೆಂಡ್‌ಲವ್ ಮುದುಕನ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಮುಲಾಮಿನ ದಿನ ಕೆನ್ನೆಯೊಳಗೆ ಚಿನ್ನದ ಅರ್ಧ ಪವನು ನಾಣ್ಯ ಇಟ್ಟುಕೊಂಡೇ ಕೆಲಸಕ್ಕೆ ಕೂರುತ್ತಿದ್ದ. ಎಲ್ಲಿ ಕದ್ದುಬಿಡುತ್ತೀವೋ ಎಂದು ಜಿಪುಣನಿಗೆ ಭಯ ಅಂತ ನಾವು ಹುಡುಗರು ನಗುತ್ತಿದ್ದೆವು. ಸಂಜೆ ಅದನ್ನು ಅಂಗೈಗೆ ಉಗಿದುಕೊಂಡು, ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೆಲವು ಸಲ ನೋಡಿದ ಮೇಲೆ ಕೋಣೆಗೆ ಬೀಗ ಜಡಿದು ವಾರಗಟ್ಟಲೆ ಮೀನು ಹಿಡಿಯಲು ಹೋಗಿಬಿಡುತ್ತಿದ್ದ. ಅಂಥ ಸೋಮಾರಿ. ತೊಂಬತ್ತು ದಾಟುವ ತನಕ ಬದುಕಿದ್ದ.

ನಿನ್ನ ಅಪ್ಪ,
ಎ. ಗಾರ್ಸೈಡ್


ಎಡಿನ್‌ಬರೊ
೮ ನವೆಂಬರ್ ೧೯೭೮

ಪ್ರೀತಿಯ ಅಪ್ಪನಿಗೆ,

ಬಿಲ್ಲೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದೆ. ಆಮೇಲೆ ಬೀದಿಗೆ ಒಯ್ದು ನೋಡಿದೆ. ಇಲ್ಲಿನ ಬಿಸಿಲು ಬಿಸಿಲೇ ಅಲ್ಲ, ಆದರೂ ನನ್ನ ಅಂಗೈಯಲ್ಲಿ ದೀಪ ಹಚ್ಚಿದಂತಿತ್ತು. ಅಪ್ಪ, ನೀವು ಹೇಳಿದ್ದೇ ಸರಿ. ನನ್ನ ತೊಟ್ಟಿಯಿಂದ ಈ ಬಣ್ಣ ಬರುತ್ತಿರಲಿಲ್ಲ. ಇದನ್ನು ಬರೆಯಲು ಎರಡು ದಿನ ಪೆನ್ನು ಕಚ್ಚಿಕೊಂಡು ಕೂತಿದ್ದೆ. ಈಗ ಬರೆದಾಯಿತು, ಇನ್ನು ಈ ಜಗಳವನ್ನು ಎತ್ತಬೇಡಿ.

ಆದರೆ ಈ ಬಿಲ್ಲೆ ಮಾಡಿದವನನ್ನು ಕಲ್ಲು ಪುಡಿಮಾಡಲು ಕಳಿಸುತ್ತೀರಾ? ಅವನು ಸತ್ತೇಹೋಗುತ್ತಾನೆ. ಯೋಚನೆ ಮಾಡಿ: ಮುಲಾಮಿಗೆ ನಡುಗದ ಕೈ ಬೇಕಿಲ್ಲ. ಕುಂಚ ಹಿಡಿಯುವಷ್ಟು ಕೈ ಬೇಕು, ಬಣ್ಣ ತಿಳಿಯುವ ಕಣ್ಣು ಬೇಕು, ತಾಳ್ಮೆ ಬೇಕು. ಮೂರೂ ಅವನಿಗಿದೆ. ಅವನನ್ನು ಮೇಜಿನಿಂದ ಎಬ್ಬಿಸಿ, ಶನಿವಾರವಷ್ಟೇ ಅಲ್ಲ, ದಿನಾಲೂ ಆ ಕೋಣೆಯನ್ನು ಅವನಿಗೇ ಬಿಟ್ಟುಕೊಡಿ. ಯಾರೂ ಬೆನ್ನ ಹಿಂದೆ ನಿಲ್ಲುವುದಿಲ್ಲ. ಕೈ ತಾನಾಗಿ ವಿಶ್ರಾಂತಿ ಪಡೆದು ಮೊದಲಿನಂತಾದರೂ ಆದೀತು. ನನ್ನ ಮಾತು ಇದೊಂದು ಸಲ ನಡೆಸಿಕೊಡಿ.

ಸ್ಪೆಂಡ್‌ಲವ್ ಕಥೆ ಓದಿ ನಕ್ಕೆ. ಕೆನ್ನೆಯಲ್ಲಿ ಪವನು ಇಟ್ಟುಕೊಂಡು ಚಹಾ ಹೇಗೆ ಕುಡಿಯುತ್ತಿದ್ದನೋ ಪಾಪ.

ನಿಮ್ಮ ಮಗಳು,
ಬೆರಿಲ್


ಕಾರ್ಸ್‌ಲೋ
೧೦ ಡಿಸೆಂಬರ್ ೧೯೭೮

ಪ್ರೀತಿಯ ಬೆರಿಲ್,

ನೀನು ಹೇಳಿದಂತೆಯೇ ಮಾಡಿದೆ. ಮೊದಲೇ ನಿನ್ನನ್ನು ಕೇಳಬೇಕಿತ್ತು.

ರೋಲಿಗೆ ವಿಷಯ ಹೇಳಿದಾಗ ಅವನ ಮುಖ ನೋಡಬೇಕಿತ್ತು ನೀನು. "ನಿಜವಾಗ್ಲೂ? ಗಣಿಗೆ ಹೋಗ್ಬೇಕಾಗಿಲ್ವಾ?" ಎಂದು ಎರಡೆರಡು ಸಲ ಕೇಳಿದ. ಈಗ ಬೆಳಿಗ್ಗೆ ಒಳಹೊಕ್ಕರೆ ಕತ್ತಲಾದ ಮೇಲೆಯೇ ಹೊರಬರುವುದು. ಊಟವೂ ಅಲ್ಲೇ. ಮೌರೀನ್ ಬೇಕರಿಯಿಂದ ಹಂದಿಮಾಂಸದ ಕಡುಬು ತಂದರೆ ಬಾಗಿಲಲ್ಲೇ ಕೈಚಾಚಿ ತೆಗೆದುಕೊಳ್ಳುತ್ತಾನೆ. "ನಾನೇನು ಕೋಳಿಗೂಡಿಗೆ ಕಾಳು ಹಾಕೋಕೆ ಬಂದಿದ್ದೀನಾ?" ಎಂದು ಅವಳು ರೇಗಿಸುತ್ತಾಳೆ. ನಾನು ಅವಳನ್ನು ಸುಮ್ಮನೆ ಅನುಮಾನಿಸಿದ್ದೆ. ಒಳ್ಳೆಯ ಹುಡುಗಿ.

ಒಂದೇ ತೊಂದರೆಯಿತ್ತು, ಧೂಳು. ಗಣಿಯಲ್ಲಿ ಮಧ್ಯಾಹ್ನ ಸಿಡಿಮದ್ದು ಹಾರಿಸಿದಾಗಲೆಲ್ಲ ಊರ ಮೇಲೆ ಬಿಳಿ ಹಿಟ್ಟು ಜರಡಿ ಹಿಡಿದಂತೆ ಸುರಿಯುತ್ತದೆ, ನೀನೇ ಕಂಡಿದ್ದೀಯ. ಒದ್ದೆ ಮುಲಾಮಿನ ಮೇಲೆ ಒಂದು ಕಣ ಕೂತರೂ ಬಿಲ್ಲೆಗೆ ಸಿಡುಬು ಬಂದಂತಾಗುತ್ತದೆ. ಅದಕ್ಕೆ ಕಿಟಕಿಯ ಸಂದುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿ ಮುಚ್ಚಿಬಿಟ್ಟೆ, ಬಾಗಿಲಿನ ಕೆಳಗೆ ಕಂಬಳಿ ತುರುಕಿದೆ. ಈಗ ಜ್ವಾಲೆ ಅಲುಗುವುದೂ ಇಲ್ಲ. ಬಿಲ್ಲೆಗಳು ಹೇಗೆ ಬರುತ್ತಿವೆ ಅಂತೀಯ! ಒಂದು ಚುಕ್ಕೆ ಇಲ್ಲ. ನನ್ನ ಜೀವಮಾನದಲ್ಲಿ ಇಂಥ ಕೆಲಸ ನಾನು ನೋಡಿಲ್ಲ, ಸ್ಪೆಂಡ್‌ಲವ್ ಕೈಯಲ್ಲೂ ನೋಡಿಲ್ಲ.

ಹೊಸ ವರ್ಷಕ್ಕೆ ಬಾ. ನಿನ್ನ ಮೇಜಿನ ಮೇಲಿದ್ದ ಸಾಮಾನೆಲ್ಲ ತೆಗೆದಿಟ್ಟಿದ್ದೇನೆ. ಅಮ್ಮ ಮಾಡುತ್ತಿದ್ದಂತೆ ಓಟ್ಸ್ ದೋಸೆ ಹುಯ್ಯಲು ನನಗೂ ಬರುತ್ತದೆ, ಮೊದಲನೆಯದು ಮಾತ್ರ ಹರಿಯುತ್ತದೆ.

ನಿನ್ನ ಅಪ್ಪ


ಕಾರ್ಸ್‌ಲೋ
೧೪ ಜನವರಿ ೧೯೭೯

ಅಕ್ಕಾ,

ಅಕ್ಷರ ನೋಡಿ ನಗಬೇಡ. ಇಷ್ಟು ಬರೆಯಲು ಬೆಳಗ್ಗೆಯಿಂದ ಕೂತಿದ್ದೇನೆ.

ಹಿಮ ಬಿದ್ದು ರೈಲು ನಿಂತು ನೀನು ಬರಲಾಗಲಿಲ್ಲ ಅಂತ ಅಪ್ಪ ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದರು. ನಿಜ ಹೇಳಲಾ? ನನಗೆ ಸಮಾಧಾನವಾಯಿತು. ಸಿಟ್ಟಾಗಬೇಡ. ಯಾರಾದರೂ ನನ್ನನ್ನು ನೋಡಿದರೆ ಮೈಯೆಲ್ಲ ಮುಳ್ಳಾಗುತ್ತದೆ. ಮೌರೀನ್ ನೋಡಿದರೂ ಅಷ್ಟೇ. ಮೊನ್ನೆ ಅಪ್ಪ "ಚಹಾ ತಗೊಳ್ಳೋ" ಅಂದದ್ದಕ್ಕೆ ಬಟ್ಟಲು ಗೋಡೆಗೆ ಎಸೆದೆ. ಯಾಕೆ ಎಸೆದೆನೋ ನನಗೇ ಗೊತ್ತಿಲ್ಲ. ಈ ಕೋಣೆಯೊಳಗೆ ಬಾಗಿಲು ಹಾಕಿಕೊಂಡರೆ ಮಾತ್ರ ನೆಮ್ಮದಿ. ಬೆಚ್ಚಗಿರುತ್ತದೆ, ಸದ್ದಿಲ್ಲ, ಯಾರೂ ನೋಡುವುದಿಲ್ಲ. ಇದನ್ನು ನನಗೆ ಕೊಡಿಸಿದವಳು ನೀನು ಅಂತ ಅಪ್ಪ ಹೇಳಿದರು. ನಿನ್ನ ಋಣ ತೀರಿಸಲಾರೆ ಅಕ್ಕಾ.

ಒಸಡಿನಲ್ಲಿ ರಕ್ತ ಬರುತ್ತದೆ, ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಹಲ್ಲೊಂದು ಅಲ್ಲಾಡುತ್ತಿದೆ. ಮುದುಕನಾಗುತ್ತಿದ್ದೇನೆ ನೋಡು.

ಇನ್ನೊಂದು ವಿಷಯ, ಅಪ್ಪನಿಗೆ ಹೇಳಬೇಡ, ನೊಂದುಕೊಳ್ಳುತ್ತಾರೆ. ಅಮ್ಮನ ಉಂಗುರವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತೇನಲ್ಲ, ಅದು ಬೆಳ್ಳಗಾಗಿಬಿಟ್ಟಿದೆ. ತವರದ ಹಾಗೆ. ಪಾದರಸ ಮುಟ್ಟಿದ ಕೈಯಲ್ಲಿ ನಾನು ಅದನ್ನು ಮುಟ್ಟಿಯೇ ಇಲ್ಲ, ಕೆಲಸದ ಹೊತ್ತಿನಲ್ಲಿ ಅಂಗಿಯೊಳಗಿಂದ ಹೊರಗೆ ತೆಗೆದೂ ಇಲ್ಲ. ಕೆಂಡಕ್ಕೆ ಹಿಡಿದರೆ ಬಣ್ಣ ಮರಳುತ್ತದೆ, ಎರಡೇ ದಿನದಲ್ಲಿ ಮತ್ತೆ ಬೆಳ್ಳಗಾಗುತ್ತದೆ. ನಿನ್ನ ಅಂಗಡಿಯಲ್ಲಿ ಚಿನ್ನದ ಕೆಲಸದವರಿದ್ದಾರಲ್ಲ, ಏನು ಮಾಡಬೇಕು ಅಂತ ಕೇಳಿ ತಿಳಿಸು.

ಗಿರಾಕಿಯೊಬ್ಬರು ಹೇಳಿದ ಗಡಿಯಾರಗಳಿಗೆ ಬೇಕಾದ ಕೊನೆಯ ಕಂತಿನ ಬಿಲ್ಲೆಗಳು ಉಳಿದಿವೆ. ಎಲ್ಲಕ್ಕಿಂತ ದೊಡ್ಡ ಕಂತು. ಅವು ಮುಗಿದರೆ ಅಪ್ಪ ಖುಷಿಯಾಗುತ್ತಾರೆ.

ರೋಲಿ


ಎಡಿನ್‌ಬರೊ
೧೯ ಜನವರಿ ೧೯೭೯

ಅಪ್ಪ,

ಇದನ್ನು ಓದಿ ಮುಗಿಸಬೇಡಿ. ಮೊದಲು ಹೋಗಿ ಕಿಟಕಿ ಒಡೆಯಿರಿ. ರೋಲಿಯನ್ನು ಹೊರಗೆ ಎಳೆದುಕೊಂಡು ಬನ್ನಿ. ಆಮೇಲೆ ಉಳಿದದ್ದನ್ನು ಓದಿ.

ಅಮ್ಮನ ಉಂಗುರ ಅವನ ಅಂಗಿಯೊಳಗೇ ಬೆಳ್ಳಗಾಗಿದೆ. ಯಾರೂ ಮುಟ್ಟದೆ. ಅಂದರೆ ಆ ಕೋಣೆಯ ಗಾಳಿಯೇ ಪಾದರಸ. ಚಿನ್ನಕ್ಕೆ ಅಂಟಿದ್ದು ಅವನ ಎದೆಗೂ ಇಳಿದಿದೆ. ಕೈ ನಡುಕ, ಸಿಟ್ಟು, ಅಳು, ಯಾರೂ ನೋಡಬಾರದು ಅನ್ನುವುದು, ಒಸಡು, ಎಲ್ಲವೂ ಅದೇ. ಸ್ಪೆಂಡ್‌ಲವ್ ಜಿಪುಣನಲ್ಲ ಅಪ್ಪ. ಅವನು ಕೆನ್ನೆಯಲ್ಲಿ ಪವನು ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. ಅದು ಬೆಳ್ಳಗಾದ ದಿನ ಕೋಣೆಗೆ ಬೀಗ ಹಾಕಿ ಹೊಳೆಯ ಗಾಳಿಗೆ ಹೋಗುತ್ತಿದ್ದ. ನೀವು ನಕ್ಕಿರಿ. ನಾನೂ ನಕ್ಕೆ.

ಹೊಗೆಗೂಡು ಇದೆ ಅನ್ನಬೇಡಿ. ಒಳಗೆ ಗಾಳಿ ಬರದಿದ್ದರೆ ಹೊಗೆಗೂಡು ಎಳೆಯುವುದಿಲ್ಲ, ಮನೆಯ ಒಲೆ ಹಚ್ಚುವಾಗ ಇದನ್ನು ನನಗೆ ಹೇಳಿಕೊಟ್ಟವರೇ ನೀವು.

ಬೇಕರಿಗೆ ಫೋನು ಮಾಡಲು ನೋಡಿದೆ, ಹಿಮಕ್ಕೆ ತಂತಿ ಬಿದ್ದಿದೆಯಂತೆ. ಟೆಲಿಗ್ರಾಂ ಕೊಟ್ಟರೂ ಕಾಗದದ ಜೊತೆಗೇ ಬರುತ್ತದೆ ಅನ್ನುತ್ತಾರೆ. ರೈಲಿನವರ ಮುಷ್ಕರ. ಸಿಕ್ಕ ಲಾರಿ ಹತ್ತಿ ಹೊರಡುತ್ತಿದ್ದೇನೆ. ಕಿಟಕಿ ಒಡೆಯಿರಿ ಅಪ್ಪ.

ಬೆರಿಲ್


ಕಾರ್ಸ್‌ಲೋ
೧೧ ಮಾರ್ಚ್ ೧೯೭೯

ಬೆರಿಲ್,

ನೀನು ಬಂದೆ, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ವಾರವಿಡೀ ಕೂತೆ, ಹೋದೆ. ನಿನ್ನ ಕಾಗದ ಸಿಕ್ಕ ದಿನ ಏನಾಯಿತು ಅಂತ ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕು, ಇಲ್ಲದಿದ್ದರೆ ನನಗೆ ಅನ್ನ ನೀರು ಇಳಿಯುವುದಿಲ್ಲ.

ಕಾಗದ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬಂತು. ಪೂರ್ತಿ ಓದಿದೆ. ನೀನು ಓದಬೇಡಿ ಅಂದರೂ ಓದಿದೆ. ಪವನಿನ ವಿಷಯವನ್ನು ಎರಡು ಸಲ ಓದಿದೆ. ಎದ್ದು ಹಿತ್ತಲಿಗೆ ಹೋದೆ, ಸುತ್ತಿಗೆಯನ್ನೂ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಗಣಿಯ ಸೈರನ್ ಕೂಗಿತು. ಇನ್ನೇನು ಮದ್ದು ಹಾರಿಸುತ್ತಾರೆ. ಬಾಗಿಲು ತಟ್ಟಿ "ರೋಲೀ, ಒಳಗೇನಿದೆ?" ಅಂದೆ. "ಕೊನೇ ಕಂತು ಅಪ್ಪಾ, ಎಲ್ಲಾ ಒದ್ದೆ ಇದೆ. ಬಾಗ್ಲು ತೆಗೀಬೇಡಿ" ಅಂದ.

ನಾನು ನಿಂತೆ, ಬೆರಿಲ್. ಈ ಒಂದು ಧೂಳು ಇಳಿಯಲಿ, ಬಿಲ್ಲೆಗಳು ಒಣಗಲಿ, ಸಂಜೆ ಒಡೆದರಾಯಿತು ಅಂದುಕೊಂಡೆ. ಇಷ್ಟು ತಿಂಗಳು ಉಸಿರಾಡಿದವನಿಗೆ ಒಂದು ಮಧ್ಯಾಹ್ನ ಏನು ಹೆಚ್ಚು ಅಂತ ನನಗೆ ನಾನೇ ಹೇಳಿಕೊಂಡೆ. ಐವತ್ತು ವರ್ಷ ಧೂಳು ಅಂದರೆ ಹಾವು ಕಂಡಂತೆ ಹೆದರಿದವನು ನಾನು. ಕಣ್ಣಿಗೆ ಕಾಣುವ ಶತ್ರು ಅದೊಂದೇ ಅಲ್ಲವೇ. ಸುತ್ತಿಗೆಯನ್ನು ಗೋಡೆಗೆ ಒರಗಿಸಿಟ್ಟು ಒಳಗೆ ಬಂದೆ.

ಆ ಮಧ್ಯಾಹ್ನ ಅವನು ಉಳಿದ ಅಷ್ಟೂ ಬಿಲ್ಲೆಗಳನ್ನು ಒಟ್ಟಿಗೇ ಕೆಂಡಕ್ಕಿಟ್ಟಿದ್ದ. ಮೌರೀನ್ ಸೂಪು ತಂದು ಬಾಗಿಲು ತಟ್ಟಿದಳು, ಕೈ ಹೊರಗೆ ಬರಲಿಲ್ಲ. ಅವಳು ಕಿರುಚಿದ ಮೇಲೆ ನಾನು ಓಡಿದೆ. ಆಗ ಒಡೆದೆ.

ಇವತ್ತಿಗೆ ಅವನ ಸ್ಥಿತಿ: ಉಸಿರಿನ ಕೊಳವೆ ತೆಗೆದಿದ್ದಾರೆ. ಚಮಚ ಹಿಡಿಯಲಾರ. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗುತ್ತಾನೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಕೈ ಬರಲ್ಲ, ಆಸೆ ಇಟ್ಕೋಬೇಡಿ. ತಲೆ ಎಷ್ಟರ ಮಟ್ಟಿಗೆ ಬರುತ್ತೋ ಹೇಳಕ್ಕಾಗಲ್ಲ" ಅಂದರು. ಈ ಡಾಕ್ಟರು ಮಾತ್ರ ಮೊದಲ ದಿನವೇ ಕೇಳಿದ್ದರು, ಗಡಿಯಾರದಲ್ಲಿ ಯಾವ ಕೆಲಸ ಮಾಡುತ್ತಾನೆ ಅಂತ.

ಕೊನೆಯ ಕಂತಿನ ಬಿಲ್ಲೆಗಳು ಮೇಜಿನ ಮೇಲಿವೆ. ಗಣಿಯ ಧೂಳು ಒಂದಕ್ಕೂ ತಾಗಿಲ್ಲ. ನಮ್ಮ ಮನೆಯ ಗಡಿಯಾರದ ಬಿಲ್ಲೆಯ ಮೇಲೆ ಯಾವತ್ತೂ ‘ಗಾರ್ಸೈಡ್’ ಅಂತ ಮಾತ್ರ ಕೆತ್ತುವುದು. ಇವುಗಳ ಮೇಲೆ ರೋಲಂಡ್ ಅಂತ ಕೆತ್ತಿಕೊಡುತ್ತೀಯಾ? ನಿನ್ನ ಕೈಯೇ ಆಗಬೇಕು.

ಅಪ್ಪ


ಎಡಿನ್‌ಬರೊ
೨ ಏಪ್ರಿಲ್ ೧೯೭೯

ಅಪ್ಪ,

ಕೆತ್ತುವುದಿಲ್ಲ.

ನಿಮ್ಮ ಕಾಗದ ಓದಿ ಮೂರು ವಾರ ನಿಮ್ಮನ್ನು ದ್ವೇಷಿಸಿದೆ. ಸುತ್ತಿಗೆಯನ್ನು ಗೋಡೆಗೆ ಒರಗಿಸಿದಿರಲ್ಲ, ಆ ಗೋಡೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಬೀದಿಯಲ್ಲಿ ನಡೆಯುವಾಗ ನಿಮ್ಮ ಜೊತೆ ಗಟ್ಟಿಯಾಗಿ ಜಗಳವಾಡುತ್ತಿದ್ದೆ, ಜನ ತಿರುಗಿ ನೋಡುತ್ತಿದ್ದರು.

ಆಮೇಲೆ ನನ್ನದೇ ಕಾಗದ ನೆನಪಾಯಿತು. ಅವನಿಗೆ ದಿನಾಲೂ ಆ ಕೋಣೆ ಕೊಡಿ ಅಂತ ಬರೆದವಳು ನಾನು. ಗಣಿಗೆ ಹೋಗಿದ್ದರೆ ಅವನು ಬಿಳಿ ಹಿಟ್ಟು ಮೆತ್ತಿಕೊಂಡು, ನಿಮ್ಮನ್ನು ಬೈದುಕೊಂಡು, ಇವತ್ತು ಬೇಕರಿಯ ಮುಂದೆ ಮೌರೀನಳಿಗಾಗಿ ಕಾಯುತ್ತಿರುತ್ತಿದ್ದ. ಕೈಯೂ ಸರಿಹೋಗುತ್ತಿತ್ತೇನೋ. ಗಣಿಯಿಂದ ಅವನನ್ನು ಉಳಿಸಿದವಳು ನಾನು. ನನಗೆ ನಿಮ್ಮ ಜೊತೆ ರಾಜಿಯಾಗಬೇಕಿತ್ತು ಅಪ್ಪ. ಎರಡು ವರ್ಷ ಸಾಕಾಗಿತ್ತು. ಅದಕ್ಕೇ ನಿಮ್ಮ ಬಣ್ಣ ಹೊಗಳಿದೆ, ಅದರ ಜೊತೆಗೇ ಅವನನ್ನೂ ಕೊಟ್ಟುಬಿಟ್ಟೆ. ನೀವು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೂ ಅದಕ್ಕೇ, ಅಲ್ಲವೇ? ನಾನು ಸೋತೆ ಅಂದದ್ದಕ್ಕೆ.

ನೀವು ಕಳಿಸಿದ ಆ ಬಿಲ್ಲೆ ಇಲ್ಲಿ ಕಿಟಕಿಯ ಮೇಲೇ ಇದೆ. ಎಸೆಯಲು ಹೋಗುತ್ತೇನೆ, ಬೆಳಕು ಬೀಳುತ್ತದೆ, ಮತ್ತೆ ಇಡುತ್ತೇನೆ. ಅದು ಈಗಲೂ ಅಷ್ಟೇ ಚೆನ್ನಾಗಿದೆ. ಅದನ್ನೇ ನನಗೆ ತಡೆದುಕೊಳ್ಳಲಾಗುತ್ತಿಲ್ಲ. ಅವನ ಹೆಸರನ್ನು ಅದರ ಮೇಲೆ ಕೆತ್ತಿ ಯಾರೋ ಶ್ರೀಮಂತನ ಜೇಬಿಗೆ ಹಾಕಲು ನನ್ನ ಕೈ ಏಳುವುದಿಲ್ಲ.

ರೋಲಿ ಮನೆಗೆ ಬಂದಾಗ ತಿಳಿಸಿ.

ಬೆರಿಲ್


ಕಾರ್ಸ್‌ಲೋ
೧೭ ಜೂನ್ ೧೯೭೯

ಬೆರಿಲ್,

ರೋಲಿ ಮನೆಗೆ ಬಂದಿದ್ದಾನೆ.

ನೀನು ಬರೆದದ್ದು ನಿಜ. ನೀನು ಸೋತೆ ಅಂದದ್ದು ಓದಿ ಅವತ್ತು ನಾನು ಅಡುಗೆಮನೆಯಲ್ಲಿ ಒಬ್ಬನೇ ನಕ್ಕಿದ್ದೆ.

ಆ ಬಿಲ್ಲೆಗಳನ್ನು ಯಾರಿಗೂ ಕೊಡಲಿಲ್ಲ. ಗಡಿಯಾರ ಆಗುವುದಿಲ್ಲ ಎಂದು ಗಿರಾಕಿಗೆ ಬರೆದು ತಿಳಿಸಿದೆ. ನೀನು ತಂದಿದ್ದಂಥದ್ದೇ ತೊಟ್ಟಿಯೊಂದನ್ನು ತರಿಸಿದ್ದೇನೆ. ಎರಡು ತಂತಿ ಇವೆ, ಒಂದು ಕೆಂಪು, ಒಂದು ಕಪ್ಪು. ಯಾವುದನ್ನು ಬಿಲ್ಲೆಗೆ ಹಾಕಬೇಕೋ ಗೊತ್ತಾಗಲಿಲ್ಲ. ಕೇಳೋಣವೆಂದರೆ ನೀನಿಲ್ಲ. ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ರೋಲಿಯ ಹಗಲು ಹೀಗೆ ಹೋಗುತ್ತದೆ. ಮೌರೀನ್ ಬೇಕರಿ ಮುಗಿಸಿ ಬಂದು ಉಣಿಸುತ್ತಾಳೆ. ನಿಶ್ಚಯದ ಉಂಗುರ ವಾಪಸು ಕೊಡು, ನಿನ್ನ ಬದುಕು ನೋಡಿಕೋ ಎಂದು ನಾನೇ ಅವಳಿಗೆ ಹೇಳಿದೆ. "ನಿಮ್ಮನ್ನ ಯಾರು ಕೇಳಿದ್ರು?" ಅಂದಳು. ಅವಳು ಇರುವಷ್ಟು ಹೊತ್ತೂ ಅವನು ಮುಖ ಮುಚ್ಚಿಕೊಂಡೇ ಬಾಯಿ ತೆರೆಯುತ್ತಾನೆ. ಅವಳು ಹೋದ ಮೇಲೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಾನೆ. ಆ ಕೋಣೆಗೇ. ಮೊದಲ ದಿನ ನಾನು ಅಡ್ಡ ನಿಂತೆ. ಮಗುವಿನಂತೆ ಕಾಲಿಗೆ ಬಿದ್ದ, ಬೆರಿಲ್. ನೋಡಲಾಗಲಿಲ್ಲ.

ಅದಕ್ಕೆ ಒಳಗಿದ್ದದ್ದನ್ನೆಲ್ಲ ಕಿತ್ತೆ. ಒಲೆ ಒಡೆದೆ, ನೆಲ ಅಗೆದು ಮಣ್ಣು ಹೊರಗೆ ಸಾಗಿಸಿದೆ, ಗೋಡೆ ಕೆರೆದು ಸುಣ್ಣ ಬಳಿದೆ. ಕಿಟಕಿಯನ್ನು ಚೌಕಟ್ಟು ಸಮೇತ ತೆಗೆದುಹಾಕಿದೆ. ಬಾಗಿಲೂ ಇಲ್ಲ ಈಗ. ಆ ಕಡೆಯಿಂದ ಈ ಕಡೆಗೆ ಗಾಳಿ ಹಾಯ್ದುಹೋಗುತ್ತದೆ. ಒಂದು ಮೇಜು, ಒಂದು ಕುರ್ಚಿ ಇಟ್ಟೆ. ಅವನು ಅಲ್ಲಿ ಕೂರುತ್ತಾನೆ.

ನಿನ್ನೆ ಮಧ್ಯಾಹ್ನ ಗಣಿಯಲ್ಲಿ ಮದ್ದು ಹಾರಿತು. ಧೂಳು ಸುರಿಯಿತು, ಮೇಜೆಲ್ಲ ಬೆಳ್ಳಗಾಯಿತು, ಅವನ ಕೂದಲೂ ಬೆಳ್ಳಗಾಯಿತು. ಅವನು ತೋಳಿನಿಂದ ಮೇಜು ಒರೆಸಿದ. ಮತ್ತೆ ಕೂ‌ತಿತು, ಮತ್ತೆ ಒರೆಸಿದ. ಕೈ ನಡುಗುವುದರಿಂದ ಒರೆಸಿದ್ದಕ್ಕಿಂತ ಹರಡಿದ್ದೇ ಹೆಚ್ಚು. ನಾನು ಕಿಟಕಿಯಿದ್ದ ಜಾಗದ ಆಚೆ ನಿಂತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವನು ನನ್ನ ಮುಖ ನೋಡಿದ.

"ಕಿಟಕಿ ಮುಚ್ಚಪ್ಪಾ," ಅಂದ. "ಧೂಳು ಬರ್ತಿದೆ."

"ಬರ್ಲಿ ಬಿಡೋ, ಮಗಾ," ಅಂದೆ. ಒಳಗೆ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನನ್ನ ತೋಳಿನಿಂದಲೂ ಮೇಜು ಒರೆಸಿದೆ.

ನಿನ್ನ ಅಪ್ಪ